ಶಿಲಾವೇಧನದಲ್ಲಿ ಒತ್ತಿನ ಪ್ರಮಾಣ

ಕಳೆದ ಬೇಸಗೆಯಲ್ಲಿ ನಮ್ಮ ಹಿತ್ತಿಲಿನಲ್ಲಿ ಕೊಳವೆಬಾವಿಯೊಂದನ್ನು ಕೊರೆಯಿಸಬೇಕಾಗಿ ಬಂದಿತು. ಕೋಲಾರದ ಸೀಮೆಯಲ್ಲಿ ಮನೆಮಾಡಿಕೊಂಡವರಿಗೆ ಇದೇನೂ ಅಪೂರ್ವ ಸಂಗತಿಯಲ್ಲ. ಹಿರಿಯರು ತೋಡಿದ ಬಾವಿಗಳು ಬತ್ತಿಹೋಗಿ, ನೀರನ್ನರಸುತ್ತ ಸಾವಿರ ಅಡಿಗಳ ಕೆಳಕ್ಕೆ ಬಂಡೆಯನ್ನು ಭೇದಿಸುವುದು ಇಲ್ಲಿನ ಗೃಹಕೃತ್ಯಗಳಲ್ಲಿ ಒಂದಾಗಿಬಿಟ್ಟಿದೆ. ರಾತ್ರಿ ಒಂಬತ್ತು ಗಂಟೆಗೆ ಬಂದ ಯಂತ್ರವು ಬೆಳಗಿನ ಜಾವದವರೆಗೂ ಗರ್ಜಿಸುತ್ತಲೇ ಇದ್ದಿತು. ನಿದ್ರೆ ಬರುವ ಆಸೆಯನ್ನು ಬಿಟ್ಟು, ಕುರ್ಚಿಯೊಂದನ್ನು ಹಾಕಿಕೊಂಡು ಅದರ ಬಳಿಯಲ್ಲಿಯೇ ಕುಳಿತೆನು. ಅದನ್ನು ನಡೆಯಿಸುತ್ತಿದ್ದವನು ಇಪ್ಪತ್ತೈದು ವಯಸ್ಸಿನ ತರುಣನು. ಅವನ ಮುಂದೆ ಗಡಿಯಾರದಂತಹ ಮಾಪಕಗಳು ಮೂರು ನಾಲ್ಕು ಇದ್ದುವು. ಆದರೆ ಅವನು ಅವುಗಳನ್ನು ನೋಡಿದುದಕ್ಕಿಂತ ಹೆಚ್ಚಾಗಿ ಕಿವಿಗೊಟ್ಟು ಏನನ್ನೋ ಕೇಳುತ್ತಿದ್ದನು. ಕೇಳಿ, ಕೈಯಲ್ಲಿದ್ದ ಸನ್ನೆಗೋಲನ್ನು ಎಳ್ಳಿನಷ್ಟು ಹಿಂದಕ್ಕೋ ಮುಂದಕ್ಕೋ ಸರಿಸುತ್ತಿದ್ದನು. ಏನನ್ನು ಕೇಳುತ್ತೀಯೆಂದು ವಿಚಾರಿಸಿದೆನು. “ಎಷ್ಟು ಒತ್ತಬೇಕು ಅಂತ ಕೇಳ್ತೀನಿ ಸಾರ್. ಕಡಿಮೆಯಾದರೆ ಹ್ಯಾಮರು ಸುಮ್ಮನೆ ಕುಣಿಯುತ್ತೆ, ಜಾಸ್ತಿಯಾದರೆ ತಿರುಗೋದೇ ಇಲ್ಲ” ಎಂದನು.

ಬಂಡೆಯ ಮೇಲೆ ಉಳಿಯ ಮೊನೆಯನ್ನು ಅಂಟಿಸಿ ಹಿಡಿಯತಕ್ಕ ಈ ಬಲವನ್ನು ಯಂತ್ರಜ್ಞರು ‘ಫೀಡ್ ಪ್ರೆಷರ್’ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಅದನ್ನು ‘ಮುನ್ನೊತ್ತು’ ಎಂದು ಕರೆಯಲು ವಾಚಕರು ಅಪ್ಪಣೆಕೊಡಬೇಕು. ಆ ರಾತ್ರಿಯ ಮಾತು ಮನಸ್ಸಿನಲ್ಲಿ ನಿಂತು, ಕೆಲವು ತಿಂಗಳು ಈ ವಿಷಯದ ಗ್ರಂಥಗಳನ್ನು ತಿರುವಿಹಾಕಿದೆನು. ವ್ಯಾಕರಣವನ್ನು ಕಲಿಸಿ ವಯಸ್ಸು ಕಳೆದವನಿಗೆ ಈ ಉಸಾಬರಿ ಏಕೆಂದು ಮನೆಯವರು ಕೇಳಿದರು; ಉತ್ತರ ಹೇಳಲಿಲ್ಲ. ಓದಿದುದರಿಂದ ನನಗೆ ತೋರಿದುದಿಷ್ಟು: ಬಂಡೆಯನ್ನು ಕುಟ್ಟುವ ಕೆಲಸವನ್ನು ಯಂತ್ರವು ಮನುಷ್ಯನ ತೋಳಿನಿಂದ 160 ವರ್ಷಗಳ ಹಿಂದೆಯೇ ತೆಗೆದುಕೊಂಡಿತು, ಆದರೆ ಎಷ್ಟು ಒತ್ತಬೇಕೆಂಬ ನಿರ್ಣಯವು ಅವನ ಬಳಿಯಲ್ಲಿಯೇ ಬಹುಕಾಲ ಉಳಿಯಿತು. ಅದನ್ನು ಅವನು ಕೈಯಿಂದ, ಕಿವಿಯಿಂದ, ಕೆಲವು ಕಾಲ ತನ್ನ ಎದೆಯಿಂದಲೇ ನಡೆಯಿಸಬೇಕಾಯಿತು.

ನಮ್ಮವರಿಗೆ ಬಂಡೆಯನ್ನು ಒಡೆಯುವ ವಿದ್ಯೆ ತಿಳಿಯದೆ ಇರಲಿಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಅಂತರ್ಜಲದ ಲಕ್ಷಣಗಳನ್ನು ಹೇಳುತ್ತ, ಬಾವಿಯಲ್ಲಿ ಒಡೆಯದ ಬಂಡೆ ಅಡ್ಡವಾದರೆ ಮುತ್ತುಗ ತೂಬರೆಗಳ ಕಟ್ಟಿಗೆಯಿಂದ ಅದನ್ನು ಬೆಂಕಿಯ ಬಣ್ಣ ಬರುವವರೆಗೆ ಕಾಯಿಸಿ ಸುಣ್ಣದ ನೀರನ್ನು ಚಿಮುಕಿಸಬೇಕೆಂದು ವಿಧಿಸಿದ್ದಾನೆ. ಕಲ್ಲಿನ ಮೇಲೆ ಉಳಿಯ ಬಾಯಿ ಮುರಿಯದಿರುವಂತೆ ಎಕ್ಕದ ಹಾಲು, ಟಗರಿನ ಕೊಂಬಿನ ಮಸಿ, ಪಾರಿವಾಳ ಇಲಿಗಳ ಮಲ ಇವುಗಳ ಲೇಪವನ್ನು ಕೊಟ್ಟು ಹದಗೊಳಿಸುವ ಕ್ರಮವನ್ನೂ ಹೇಳಿದ್ದಾನೆ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ನಾವು ಹುಡುಗರು ನಕ್ಕಿದ್ದೆವು. ಈಗ ನೋಡಿದರೆ, ಬೆಂಕಿಯ ವಿಷಯವೂ ಉಕ್ಕಿನ ವಿಷಯವೂ ಆ ಅಧ್ಯಾಯದಲ್ಲಿ ಬಂದಿದೆ. ಉಳಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದು ಮಾತ್ರ ಬಂದಿಲ್ಲ. ಅದು ಕಲ್ಲುಕುಟಿಗನ ಅಂಗೈಗೆ ತಿಳಿದಿದ್ದ ವಿಷಯ. ಶ್ಲೋಕಕ್ಕೆ ಬರುವ ಅವಶ್ಯವಿರಲಿಲ್ಲ.

ಕೈಯಿಂದ ಕುಳಿ ಹೊಡೆಯುವುದನ್ನು ನೋಡಿದ ವಾಚಕರು ಇನ್ನೂ ಇರಬಹುದು. ಒಬ್ಬನು ಉಕ್ಕಿನ ಸರಳನ್ನು ಹಿಡಿದು ಕುಳಿತಿರುವನು. ಮತ್ತೊಬ್ಬನೋ ಇಬ್ಬರೋ ಸುತ್ತಿಗೆಯಿಂದ ಹೊಡೆಯುವರು. ಪ್ರತಿಯೊಂದು ಪೆಟ್ಟಿನ ನಡುವೆ ಹಿಡಿದವನು ಸರಳನ್ನು ಸ್ವಲ್ಪ ತಿರುಗಿಸುವನು. ಇಲ್ಲದಿದ್ದರೆ ಮೊನೆಯು ಒಂದೇ ಗೀರಿನಲ್ಲಿ ಕಚ್ಚಿಕೊಂಡುಬಿಡುವುದು. ಸಡಿಲವಾಗಿ ಹಿಡಿದರೆ ಸರಳು ಪುಟಿದು ಕೈಗೆ ಬಡಿಯುವುದು. ಅದುಮಿ ಹಿಡಿದರೆ ತಿರುಗದು. ನೋಡುವವರೆಲ್ಲ ಸುತ್ತಿಗೆಯವನ ತೋಳನ್ನು ಹೊಗಳುವರು. ಕುಳಿ ನೆಟ್ಟಗೆ ಹೋಗುವುದು ಮಾತ್ರ ಕುಳಿತವನ ಕೈಯಿಂದ. ಬಂಡೆ ಕೊರೆಯುವ ಯಂತ್ರಗಳ ಇತಿಹಾಸವೆಲ್ಲ ಈ ಮೂರು ಕ್ರಿಯೆಗಳನ್ನು, ಎಂದರೆ ಹೊಡೆಯುವುದು, ತಿರುಗಿಸುವುದು, ಒತ್ತಿ ಹಿಡಿಯುವುದು ಇವುಗಳನ್ನು, ಒಂದೊಂದಾಗಿ ಲೋಹಕ್ಕೆ ಕಲಿಸಿದ ಕಥೆ.

ಮೊದಮೊದಲು ಯಂತ್ರವೆಂದರೆ ಬಲವೆಂದೇ ಜನ ತಿಳಿದಿದ್ದರು. ಅಮೆರಿಕಾದ ಮ್ಯಾಸಚೂಸೆಟ್ಸಿನಲ್ಲಿ ಹೂಸಾಕ್ ಎಂಬ ಬೆಟ್ಟಕ್ಕೆ ರೈಲಿನ ಸುರಂಗವನ್ನು 1851ರಲ್ಲಿ ಆರಂಭಿಸಿ, ಮರುವರ್ಷವೇ ಸುಮಾರು 70 ಟನ್ ತೂಕದ ಒಂದು ಮಹಾಯಂತ್ರವನ್ನು ಬಂಡೆಗೆ ಎದುರಾಗಿ ನಿಲ್ಲಿಸಿದರು. ಅದು ಸುರಂಗದ ಬಾಯಿಯನ್ನು ಇಡಿಯಾಗಿ ಕೆತ್ತಿಕೊಂಡು ಒಳಕ್ಕೆ ಹೋಗಬೇಕಾಗಿದ್ದಿತು. ಹತ್ತು ಹನ್ನೆರಡು ಅಡಿ ಹೋಗಿ ಸಿಕ್ಕಿಕೊಂಡಿತು; ಮತ್ತೆ ಅಲುಗಲಿಲ್ಲ. ಆ ಸುರಂಗವು ಬೆಟ್ಟವನ್ನು ದಾಟಲು 1873ನೆಯ ಇಸವಿಯಾಯಿತು. ಸುಮಾರು 200 ಜನರ ಪ್ರಾಣಹೋಯಿತು.

ನಿಜವಾದ ಆರಂಭವಾದುದು ಯೂರೋಪಿನ ಆಲ್ಪ್ಸ್ ಪರ್ವತದಲ್ಲಿ. ಇಟಲಿ ಫ್ರಾನ್ಸುಗಳ ನಡುವೆ ಫ್ರೆಜು ಗಿರಿಯ ಕೆಳಗೆ 12 ಕಿಲೋಮೀಟರಿಗೂ ಮಿಗಿಲಾದ ಸುರಂಗವನ್ನು 1857ರಲ್ಲಿ ಕೈಯ ಉಳಿಗಳಿಂದಲೇ ಆರಂಭಿಸಿದರು. ಪರ್ವತವು ಅತ್ಯುನ್ನತವಾದುದರಿಂದ ಮೇಲಿನಿಂದ ಬಾವಿಗಳನ್ನು ಇಳಿಸಿ ನಡುವೆ ಕೆಲಸ ಹಿಡಿಯುವಂತಿರಲಿಲ್ಲ. ಎರಡು ತುದಿಗಳಿಂದ ಮಾತ್ರವೇ ಮುಂದುವರಿಯಬೇಕಾಗಿದ್ದಿತು. ಹಾಗೆಯೇ ಹೋಗಿದ್ದರೆ ಒಂದು ತಲೆಮಾರು ಕಳೆದುಹೋಗುತ್ತಿದ್ದಿತು. ಸವಾಯ್ ಪ್ರಾಂತ್ಯದ ಜೆರ್ಮಾನ್ ಸೊಮ್ಮೆಯೇ ಎಂಬ ಯಂತ್ರಶಿಲ್ಪಿಯು ಬೆಟ್ಟದ ತೊರೆಗಳ ಬಲದಿಂದ ಗಾಳಿಯನ್ನು ಅದುಮಿ, ಕೊಳವೆಗಳಲ್ಲಿ ಸುರಂಗದೊಳಕ್ಕೆ ಸಾಗಿಸಿ, ಅದರಿಂದ ಉಳಿಗಳನ್ನು ಹೊಡೆಯಿಸುವ ಯಂತ್ರವನ್ನು 1861ರಲ್ಲಿ ಇಟಲಿಯ ಕಡೆಯಲ್ಲಿಯೂ 1863ರಲ್ಲಿ ಫ್ರಾನ್ಸಿನ ಕಡೆಯಲ್ಲಿಯೂ ಕೆಲಸಕ್ಕೆ ಹಚ್ಚಿದನು. 1870ರ ಡಿಸೆಂಬರಿನಲ್ಲಿ ಎರಡು ಕಡೆಯ ಕೆಲಸಗಾರರು ನಡುವೆ ಕೂಡಿಕೊಂಡರು. 1871ರ ಸೆಪ್ಟೆಂಬರಿನಲ್ಲಿ ರೈಲು ಓಡಿತು. ಸೊಮ್ಮೆಯೇ ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈಯಲ್ಲಿ, ತೀರಿಕೊಂಡಿದ್ದನು.

ಈತನು ಮೂರು ಕ್ರಿಯೆಗಳನ್ನೂ ಒಟ್ಟಿಗೆ ಯಂತ್ರಕ್ಕೆ ಒಪ್ಪಿಸಬಯಸಿದನು. ತಿರುಗಿಸುವುದಕ್ಕೂ ಮುಂದಕ್ಕೆ ಸರಿಸುವುದಕ್ಕೂ ಒಂದು ಚಿಕ್ಕ ಪ್ರತ್ಯೇಕ ಯಂತ್ರವನ್ನೇ ಒಳಗೆ ಅಳವಡಿಸಿದ್ದನು. ಅದರಿಂದ ಯಂತ್ರವು ಉದ್ದವೂ ತೊಡಕೂ ಆಗಿ, ಕೆಲಸದಲ್ಲಿದ್ದುವುಗಳಿಗಿಂತ ದುರಸ್ತಿಯಲ್ಲಿದ್ದುವುಗಳೇ ಹೆಚ್ಚಾದುವು. ಅವನ ಅನಂತರ ಬಂದವರು ಬುದ್ಧಿವಂತರು: ಹೊಡೆತವನ್ನೂ ತಿರುಗುವಿಕೆಯನ್ನೂ ಯಂತ್ರಕ್ಕೆ ಬಿಟ್ಟು, ಮುಂದೂಡುವುದನ್ನು ಮಾತ್ರ ಮನುಷ್ಯನಿಗೆ ಹಿಂದಿರುಗಿಸಿದರು. ಹೂಸಾಕಿನಲ್ಲಿ 1866ರಿಂದ ಬರ್ಲಿಯ ಯಂತ್ರವು ಕೆಲಸಮಾಡಿತು. ಆಮೇಲಿನ ಇಂಗರ್ಸಾಲ್, ರ‍್ಯಾಂಡ್ ಮುಂತಾದ ಯಂತ್ರಗಳು ಈ ಜಾತಿಯವು. ಮುಂದಿನ ಮೂವತ್ತು ವರ್ಷಗಳಲ್ಲಿ ರೂಢಿಯಾದ ಕ್ರಮವೆಂದರೆ, ಯಂತ್ರದ ಹಿಂಬದಿಯಲ್ಲಿ ತಿರುಪಿನ ಕಂಬವೊಂದಕ್ಕೆ ಹಿಡಿ ಇರುವುದು. ಕುಳಿ ಆಳವಾದಂತೆ ಕೆಲಸಗಾರನು ಅದನ್ನು ತಿರುಗಿಸುತ್ತ ಯಂತ್ರವನ್ನು ಮುಂದಕ್ಕೆ ಸರಿಸುತ್ತಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಯಂತ್ರಗಳಲ್ಲಿ ಉಳಿಯು ಪಿಸ್ಟನ್ನಿಗೇ ಬಿಗಿಯಲ್ಪಟ್ಟು, ಅದರೊಡನೆಯೇ ಮುಂದಕ್ಕೂ ಹಿಂದಕ್ಕೂ ಆಡುತ್ತಿದ್ದಿತು. ಆದುದರಿಂದ ಇಲ್ಲಿ ಮುಖ್ಯವಾದುದು ಒತ್ತಡವಲ್ಲ, ದೂರ. ತಿರುಪನ್ನು ತಿರುಗಿಸುವುದು ತಡವಾದರೆ ಉಳಿ ಬಂಡೆಯನ್ನು ಮುಟ್ಟುವ ಮೊದಲೇ ಪಿಸ್ಟನ್ ತನ್ನ ಸಿಲಿಂಡರಿನ ಮುಂದಲೆಗೇ ಬಡಿದು ತನ್ನ ಮನೆಯನ್ನು ತಾನೇ ಒಡೆಯುವುದು. ಅವಸರಪಟ್ಟು ಮುಂದೂಡಿದರೆ ಪಿಸ್ಟನ್ನಿಗೆ ಓಡಲು ಸ್ಥಳವಿಲ್ಲದೆ ಪೆಟ್ಟು ಮೊಟಕಾಗಿ ಬಲಗುಂದುವುದು. ಇವೆರಡರ ನಡುವಣ ಅಂಗುಲಗಳನ್ನು ಕತ್ತಲೆಯಲ್ಲಿ, ಕಿವಿಗಡಚಿಕ್ಕುವ ಸದ್ದಿನಲ್ಲಿ, ಸದ್ದಿನ ಬೇಧದಿಂದಲೇ ಗುರುತಿಸಿ ಹಿಡಿಯನ್ನು ತಿರುಗಿಸತಕ್ಕವನೇ ನಿಪುಣನೆನ್ನಿಸಿಕೊಳ್ಳುತ್ತಿದ್ದನು.

ಇದೇ ಕಾಲದಲ್ಲಿ ಜರ್ಮನಿಯ ಆಲ್ಫ್ರೆಡ್ ಬ್ರಾಂಡ್ಟ್ ಎಂಬವನು ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ಹಿಡಿದನು. ಹೊಡೆಯುವುದೇ ಬೇಡ, ಒತ್ತಿದರೇ ಸಾಕು, ಎಂಬುದು ಅವನ ಮತ. ಹಲ್ಲುಗಳುಳ್ಳ ಟೊಳ್ಳು ಉಕ್ಕಿನ ಕೊಳವೆಯೊಂದನ್ನು ನೀರಿನ ಒತ್ತಡದಿಂದ ಬಂಡೆಗೆ ಅದುಮಿ, ನಿಮಿಷಕ್ಕೆ ಕೆಲವೇ ಸುತ್ತುಗಳಂತೆ ಮೆಲ್ಲಗೆ ತಿರುಗಿಸುವುದು; ಹಲ್ಲಿನ ಕೆಳಗಿನ ಕಲ್ಲು ಪುಡಿಯಾಗಿ ಸಿಡಿಯುವುದು. ನೀರಿನ ಒತ್ತಡವು ವಾಯುಮಂಡಲದ ಒತ್ತಡಕ್ಕೆ 100 ಮಡಿಯವರೆಗೂ ಹೋಗುತ್ತಿದ್ದಿತು. ಉಳಿಯನ್ನು ಒತ್ತುವ ಬಲವು ಸುಮಾರು 10 ಟನ್. ಹತ್ತು ಟನ್ನಿನಿಂದ ಬಂಡೆಯನ್ನು ಒತ್ತಿದರೆ ಬಂಡೆಯೂ ಹತ್ತು ಟನ್ನಿನಿಂದ ಹಿಂದಕ್ಕೆ ಒತ್ತುವುದಷ್ಟೆ. ಅದಕ್ಕಾಗಿ ಸುರಂಗದ ಎರಡು ಗೋಡೆಗಳಿಗೆ ಆತುಕೊಳ್ಳುವಂತೆ ದಪ್ಪನಾದ ಕಂಬವೊಂದನ್ನು ಅದೇ ನೀರಿನ ಬಲದಿಂದ ಬಿಗಿದು, ಅದರ ಮೇಲೆ ಯಂತ್ರಗಳನ್ನು ಕೂರಿಸುತ್ತಿದ್ದರು. ಆಸ್ಟ್ರಿಯಾದ ಆರ್ಲ್‌ಬರ್ಗ್ ಸುರಂಗದಲ್ಲಿ, 1880ರಿಂದ 1883ರವರೆಗೆ, ಪೂರ್ವದ ಬಾಯಿಯಿಂದ ಗಾಳಿಯ ಬಡಿಗೆ ಯಂತ್ರಗಳೂ ಪಶ್ಚಿಮದ ಬಾಯಿಯಿಂದ ಬ್ರಾಂಡ್ಟನ ಒತ್ತುಯಂತ್ರಗಳೂ ಒಂದೇ ಬೆಟ್ಟವನ್ನು ಎರಡು ಮತಗಳಿಂದ ಕೊರೆದುವು. ನಮ್ಮಲ್ಲಿ ದ್ವೈತಾದ್ವೈತಗಳ ವಾದಕ್ಕೆ ಕುಳಿತವರು ನಡುದಾರಿಯಲ್ಲಿ ಕೈಕುಲುಕಿದ್ದುಂಟೆ? ಅಲ್ಲಿ ಕುಲುಕಿದರು. ಸ್ವಿಟ್ಜರ್ಲೆಂಡ್ ಇಟಲಿಗಳ ನಡುವೆ 1898ರಲ್ಲಿ ಆರಂಭಿಸಿ 1906ರಲ್ಲಿ ತೆರೆದ, ಸುಮಾರು 20 ಕಿಲೋಮೀಟರಿನ ಸಿಂಪ್ಲಾನ್ ಸುರಂಗವನ್ನು ಕೊರೆದುವೂ ಬ್ರಾಂಡ್ಟನ ಯಂತ್ರಗಳೇ. ಅಲ್ಲಿ ಬಂಡೆಯ ಶಾಖವು 50 ಡಿಗ್ರಿಯನ್ನು ಮೀರಿದ್ದಿತು. ಬ್ರಾಂಡ್ಟನು ಅದರ ಅಂತ್ಯವನ್ನು ಕಾಣಲಿಲ್ಲ, 1899ರಲ್ಲಿಯೇ ಮೃತನಾದನು. ಸುರಂಗಗಳನ್ನು ಆರಂಭಿಸಿದ ಪುರುಷರು ಅವುಗಳೊಳಗೆ ರೈಲಿನಲ್ಲಿ ಕುಳಿತು ಹೋದುದು ಅಪರೂಪವೆಂದು ಕಾಣುತ್ತದೆ.

ಆದರೂ ಲೋಕವು ಬ್ರಾಂಡ್ಟನನ್ನು ಅನುಸರಿಸಲಿಲ್ಲ. ಗಟ್ಟಿಬಂಡೆಯಲ್ಲಿ ಚಿಕ್ಕ ಕುಳಿಗಳಿಗೆ ಹೊಡೆತವೇ ಮೇಲೆಂದು ತೀರ್ಮಾನವಾಯಿತು. ಅದನ್ನು ತೀರ್ಮಾನಿಸಿದವರಲ್ಲಿ ಮುಖ್ಯನು ಅಮೆರಿಕಾದ ಡೆನ್ವರಿನ ಜಾರ್ಜ್ ಲೈನರ್. ಈತನು 1890ರ ದಶಕದಲ್ಲಿ ಉಳಿಯನ್ನು ಪಿಸ್ಟನ್ನಿನಿಂದ ಬಿಡಿಸಿಬಿಟ್ಟನು. ಉಳಿಯು ಬಂಡೆಗೆ ಆತುಕೊಂಡೇ ಇರುವುದು. ಹಗುರವಾದ ಪಿಸ್ಟನ್ ಮಾತ್ರ ಆಡುತ್ತ, ಹಿಂದಿನ ಸುತ್ತಿಗೆಯಂತೆ ಅದರ ತಲೆಯನ್ನು ಹೊಡೆಯುವುದು. ಹಳೆಯ ಕಾಲದ ಇಬ್ಬರು ಕಲ್ಲುಕುಟಿಗರನ್ನೇ ಒಂದು ಸಿಲಿಂಡರಿನೊಳಗೆ ಕೂರಿಸಿದಂತಾಯಿತು. ನಮ್ಮ ವಿಷಯಕ್ಕೆ ಇದು ದೊಡ್ಡ ತಿರುವು. ಉಳಿಯು ಸದಾ ಬಂಡೆಯನ್ನು ಮುಟ್ಟಿಕೊಂಡಿರಬೇಕಾದುದರಿಂದ ಅಂದಿನಿಂದ ದೂರದ ಲೆಕ್ಕ ಹೋಗಿ ಒತ್ತಡದ ಲೆಕ್ಕ ಬಂದಿತು.

ಏಕೆಂಬುದನ್ನು ಸ್ವಲ್ಪ ವಿವರಿಸಬೇಕು. ಪಿಸ್ಟನ್ನಿನ ಪೆಟ್ಟು ಸರಳಿನ ಒಂದು ತುದಿಗೆ ಬಿದ್ದೊಡನೆ ಸರಳು ಇಡಿಯಾಗಿ ಮುಂದಕ್ಕೆ ನೆಗೆಯುವುದಿಲ್ಲ. ಪೆಟ್ಟು ಅದರೊಳಗೆ ಒಂದು ತರಂಗವಾಗಿ ಓಡುತ್ತದೆ. ಮೊನೆ ಬಂಡೆಗೆ ಅಂಟಿದ್ದರೆ ತರಂಗವು ಬಂಡೆಯನ್ನು ಹೊಕ್ಕು ಅದನ್ನು ಚೂರಾಗಿಸುವುದು. ಅಂಟಿರದಿದ್ದರೆ, ಕೂದಲೆಳೆಯಷ್ಟು ಅಂತರವಿದ್ದರೂ, ತರಂಗವು ತುದಿಯಿಂದ ಹಿಂದಿರುಗಿ ಬಂದು ಸರಳನ್ನೇ ಜಗ್ಗಿ ಹರಿಯಲು ನೋಡುವುದು; ಕೀಲುಗಳು ಸಡಿಲವಾಗಿ ಕಾಯುವುವು, ತಿರುಪಿನ ಎಳೆಗಳು ಸವೆಯುವುವು, ಕೊನೆಗೆ ಸರಳು ಮುರಿಯುವುದು. ಹಾಗೆಂದು ಹೆಚ್ಚಾಗಿ ಒತ್ತಿದರೆ? ಮೊನೆಯು ಕುಳಿಯ ತಳವನ್ನು ಕಚ್ಚಿಕೊಂಡು ತಿರುಗಲಾರದೆ ಹೋಗುವುದು. ಪ್ರತಿ ಪೆಟ್ಟಿಗೂ ಹೊಸ ಸ್ಥಳ ಸಿಕ್ಕದು. ಮೊನೆಯ ಅಂಚು ಬೇಗ ಸವೆಯುವುದು. ಉದ್ದವಾದ ಸರಳು ಬಿಲ್ಲಿನಂತೆ ಬಾಗಿ ಕುಳಿ ಓರೆಯಾಗುವುದು. ಒತ್ತನ್ನು ಏರಿಸುತ್ತ ಹೋದಂತೆ ಕೊರೆಯುವ ವೇಗವು ಒಂದು ಎಲ್ಲೆಯವರೆಗೆ ಏರಿ, ಆಮೇಲೆ ಇಳಿಯುತ್ತದೆ. ಆ ಎಲ್ಲೆಯು ಬಂಡೆಯಿಂದ ಬಂಡೆಗೆ ಬೇರೆ. ಬಾಯಿ ಬಿಡಿಸುವಾಗ ಮೆಲ್ಲನೊತ್ತಬೇಕು, ಗಟ್ಟಿನೆಲ ಸಿಕ್ಕಿದ ಮೇಲೆ ಏರಿಸಬೇಕು, ಬಿರುಕು ಬಂದೊಡನೆ ಇಳಿಸಬೇಕು. ಪೆಟ್ಟು ಸಾಲದೆ ಇದ್ದಲ್ಲಿ ಒತ್ತಿನಿಂದ ಅದನ್ನು ತುಂಬಿಸಲಾಗದು. ಇದು ಮಾತ್ರ ಎಷ್ಟೋ ಮೇಲ್ವಿಚಾರಕರಿಗೆ ಇಂದಿಗೂ ಮನದಟ್ಟಾಗಿಲ್ಲವೆಂದು ಆ ತರುಣನೇ ನನಗೆ ಹೇಳಿದನು.

ಲೈನರನ ಯಂತ್ರಕ್ಕೆ ಒಂದು ಶಾಪವೂ ಅಂಟಿಕೊಂಡಿದ್ದಿತು. ಕುಳಿಯೊಳಗಿನ ಪುಡಿಯನ್ನು ಹೊರಕ್ಕೆ ತಳ್ಳುವುದಕ್ಕಾಗಿ ಅವನು ಸರಳನ್ನು ಟೊಳ್ಳುಮಾಡಿ ಅದರ ಮೂಲಕ ಗಾಳಿಯನ್ನು ಊದಿಸಿದನು. ಪುಡಿ ಹೊರಕ್ಕೇನೋ ಬಂದಿತು; ಬಂದು ಕೆಲಸಗಾರನ ಮುಖಕ್ಕೆ ಬಡಿದು, ಉಸಿರಿನೊಡನೆ ಎದೆಯನ್ನು ಹೊಕ್ಕಿತು. ಗಣಿಯವರು ಆ ಯಂತ್ರವನ್ನು ಒಲ್ಲೆವೆಂದರು. ಆಮೇಲೆ ಗಾಳಿಯೊಡನೆ ನೀರನ್ನೂ ಸರಳಿನ ಟೊಳ್ಳಿನಲ್ಲಿ ಹಾಯಿಸಿ ಧೂಳನ್ನು ಕೆಸರಾಗಿಸುವ ಉಪಾಯವನ್ನು ಅವನೇ ಕಂಡುಹಿಡಿದನು. ನೀರು ಹಾಯಿಸದೆ ಒಣಗಿಯೇ ಕೊರೆಯುವ ಯಂತ್ರಗಳು ಎಷ್ಟೋ ಕಡೆ ಉಳಿದುವು. ಅಮೆರಿಕಾದ ಗಣಿಗಳಲ್ಲಿ ಅವಕ್ಕೆ ವಿಧವೆಯರನ್ನು ಮಾಡುವ ಯಂತ್ರವೆಂದೇ ಹೆಸರಾಯಿತು.

ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೈಲರ್ ಕಂಪೆನಿಯವರ ಕೆಲಸ ಆರಂಭವಾದುದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ಬಂದಿತು. ಗಣಿಯು ಕೊನೆಗೆ 3 ಕಿಲೋಮೀಟರಿಗೂ ಕೆಳಕ್ಕೆ ಇಳಿಯಿತು. ಅಲ್ಲಿ ಬಂಡೆಯ ಶಾಖವು 60 ಡಿಗ್ರಿಗೂ ಮೇಲೆ. ಚಿನ್ನವಿದ್ದುದು ಬಿಳಿಗಲ್ಲಿನ ಸಿರಗಳಲ್ಲಿ. ಆ ಬಿಳಿಗಲ್ಲಿನ ಧೂಳೇ ಶ್ವಾಸಕೋಶವನ್ನು ಕಲ್ಲಾಗಿಸುವ ಸಿಲಿಕೋಸಿಸ್ ರೋಗದ ಬೀಜ. ಆ ಗಣಿಗಳ ಸಮೀಪದ ಒಂದು ಶಾಲೆಯಲ್ಲಿ ನಾನು ಕೆಲವು ವರ್ಷ ಕೆಲಸದಲ್ಲಿದ್ದೆನು. ಗಣಿ ಆಗಲೂ ನಡೆಯುತ್ತಿದ್ದಿತು, 2001ರಲ್ಲಿ ಮುಚ್ಚಿತು. ನನ್ನ ವಿದ್ಯಾರ್ಥಿಯೊಬ್ಬನ ತಾತನು ಮೊದಲಿನ ಕಾಲದ ಡ್ರಿಲ್ಲರು. ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತಾಗ ಅವನು ತನ್ನ ಕಸುಬನ್ನು ವರ್ಣಿಸುತ್ತಿದ್ದನು. ನೆಲಕ್ಕೆ ಕೊರೆಯುವಾಗ ಯಂತ್ರದ ತೂಕವೇ ಮುನ್ನೊತ್ತು. ಗೋಡೆಗೆ ಅಡ್ಡವಾಗಿ ಕೊರೆಯುವಾಗ ಯಂತ್ರಕ್ಕೆ ಎದೆಯನ್ನೋ ತೊಡೆಯನ್ನೋ ಕೊಟ್ಟು ನಿಲ್ಲಬೇಕು. ಎಷ್ಟು ಒತ್ತಬೇಕೆಂದು ಹೇಗೆ ತಿಳಿಯುತ್ತಿತ್ತೆಂದು ಕೇಳಿದರೆ, ತನ್ನ ಪಕ್ಕೆಯನ್ನು ತಟ್ಟಿ ತೋರಿಸಿ, ಇಲ್ಲಿ ತಿಳಿಯುತ್ತಿತ್ತು ಎಂದನು. ಮಾತು ಅರ್ಧಕ್ಕೆ ನಿಂತು ಕೆಮ್ಮು ಬರುತ್ತಿದ್ದಿತು. ಕೆಮ್ಮು ನಿಂತ ಮೇಲೆ ಮಾತು ಎಲ್ಲಿ ನಿಂತಿತ್ತೆಂಬುದು ಅವನಿಗೆ ಮರೆಯುತ್ತಿದ್ದಿತು, ಮೊಮ್ಮಗನು ನೆನಪುಮಾಡಿಕೊಡುತ್ತಿದ್ದನು.

ಎದೆಯ ಈ ಕೆಲಸವನ್ನು ತಪ್ಪಿಸಿದುದು ‘ಏರ್‌ಲೆಗ್’ ಎಂಬ ಗಾಳಿಗಾಲು. ಕೊರೆಯುವ ಯಂತ್ರದ ಕೆಳಗೆ ಗಾಳಿಯಿಂದ ನೀಳವಾಗುವ ಒಂದು ಕಾಲು. ನೆಲಕ್ಕೆ ಓರೆಯಾಗಿ ಊರಿಕೊಂಡು ಯಂತ್ರವನ್ನು ಎತ್ತಿಯೂ ಹಿಡಿಯುವುದು, ಮುಂದಕ್ಕೂ ಒತ್ತುವುದು. 1940ರ ದಶಕದಲ್ಲಿ ಸ್ವೀಡನ್ನಿನವರು ಇದನ್ನೂ ಟಂಗ್‌ಸ್ಟನ್ ಕಾರ್ಬೈಡಿನ ಮೊನೆಯನ್ನೂ ಜೊತೆಗೂಡಿಸಿದುದರಿಂದ ಒಂದು ಯಂತ್ರಕ್ಕೆ ಒಬ್ಬನೇ ಆಳು ಸಾಕಾಯಿತು. ಹಿಡಿಯ ಬಳಿ ಒಂದು ತಿರುಗುಣಿ. ಅದನ್ನು ಹೆಬ್ಬೆರಳಿನಿಂದ ತಿರುಗಿಸಿದಷ್ಟು ಒತ್ತು. ಕಾಲು ನೆಟ್ಟಗೆ ನಿಂತರೆ ಬಲವೆಲ್ಲ ಎತ್ತುವುದಕ್ಕೆ ಹೋಗುವುದು, ಮಲಗಿದಷ್ಟೂ ಒತ್ತುವುದಕ್ಕೆ. ಹೀಗೆ ಕುಳಿ ಮುಂದುವರಿದಂತೆ ಕೋನವೂ ಒತ್ತೂ ಬದಲಾಗುತ್ತಿರುವುದರಿಂದ ಹೆಬ್ಬೆರಳಿಗೆ ಬಿಡುವಿಲ್ಲ. ಎದೆಯಿಂದ ಹೆಬ್ಬೆರಳಿಗೆ ಇಳಿದುದೇ ದೊಡ್ಡ ಉಪಕಾರವೆನ್ನಬೇಕು.

1970ರ ಸುಮಾರಿಗೆ ಫ್ರಾನ್ಸಿನ ಮೊಂಟಾಬೇರ್ ಕಂಪೆನಿಯವರೂ ಅವರ ಬೆನ್ನಿನಲ್ಲಿಯೇ ಸ್ವೀಡನ್ನಿನವರೂ ಗಾಳಿಯನ್ನು ಬಿಟ್ಟು ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳನ್ನು ಹೊರತಂದರು. ಇವುಗಳ ದೊಡ್ಡ ರಿಗ್ಗುಗಳಲ್ಲಿ ತಿರುಗಿಸುವ ಎಣ್ಣೆಯ ಒತ್ತಡವು ಏರಿದೊಡನೆ, ಎಂದರೆ ಮೊನೆಯು ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ, ಮುನ್ನೊತ್ತು ತಾನಾಗಿ ಇಳಿಯುವುದು. ಇನ್ನೂ ಕಚ್ಚಿದರೆ ಸರಳು ತಾನೇ ಹಿಂದಕ್ಕೆ ಸರಿಯುವುದು. ಸೊಮ್ಮೆಯೇ ಬಯಸಿದುದು ನೂರು ವರ್ಷಗಳ ಮೇಲೆ ಕೈಗೂಡಿತು. ಆದರೂ ಮೂಲದ ಅಂಕಿಯನ್ನು, ಈ ಬಂಡೆಗೆ ಇಷ್ಟು ಎಂಬುದನ್ನು, ಒಬ್ಬ ಮನುಷ್ಯನು ಬಂಡೆಯನ್ನು ನೋಡಿಯೇ ಗೊತ್ತುಮಾಡಿಕೊಡಬೇಕು.

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಕೊಳವೆಬಾವಿಯ ಯಂತ್ರದಲ್ಲಿ ಬಡಿಯುವ ಸುತ್ತಿಗೆಯು ಮೇಲಿರುವುದಿಲ್ಲ. ಮೊನೆಯ ಬೆನ್ನಿನಲ್ಲಿಯೇ ಕುಳಿಯ ತಳಕ್ಕೆ ಇಳಿಯುತ್ತದೆ. ಮೊನೆಯ ಅಗಲದ ಅಂಗುಲಕ್ಕೆ ಸುಮಾರು 500 ಪೌಂಡು ಒತ್ತು ಬೇಕೆಂಬುದು ಕಸುಬಿನವರ ಲೆಕ್ಕ. ಆರೂವರೆ ಅಂಗುಲದ ಮೊನೆಗೆ ಸುಮಾರು 1500 ಕಿಲೋಗ್ರಾಂ ಆಯಿತು. ಆರಂಭದಲ್ಲಿ ಕೊಳವೆಗಳು ಒಂದೆರಡೇ ಇರುವುದರಿಂದ ಯಂತ್ರವು ಮೇಲಿನಿಂದ ಒತ್ತಬೇಕು. ಒಂದೊಂದು ಕೊಳವೆಯೂ ಸೇರಿದಂತೆ ಅವುಗಳ ತೂಕವೇ ಒತ್ತಾಗುತ್ತ ಬರುತ್ತದೆ. ಒಂದು ಆಳದಲ್ಲಿ ತೂಕವು ಬೇಕಾದಷ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಅದಕ್ಕೂ ಕೆಳಗೆ ಹೋದ ಮೇಲೆ ಯಂತ್ರವು ಒತ್ತುವಂತಿಲ್ಲ, ಮೇಲಕ್ಕೆ ಜಗ್ಗಿ ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಕೊಳವೆಗಳ ಸಾಲೇ ಮೊನೆಯನ್ನು ಅರೆದುಬಿಡುತ್ತದೆ. ನೂರಾರು ಅಡಿಯ ಉಕ್ಕನ್ನು ಎತ್ತಿ ಹಿಡಿದುಕೊಂಡೇ ಕೆಳಕ್ಕೆ ಕೊರೆಯುವುದೆಂದರೆ ನನಗೆ ಮೊದಲು ನಂಬಿಕೆಯಾಗಲಿಲ್ಲ. ತರುಣನು ನಕ್ಕು, ಅದುವರೆಗೆ ಮುಂದಕ್ಕೆ ಒರಗಿದ್ದ ಸನ್ನೆಗೋಲನ್ನು ತೋರಿಸಿದನು. ಅದು ನಡುವನ್ನು ದಾಟಿ ಹಿಂದಕ್ಕೆ ವಾಲಿದ್ದಿತು. ಸದ್ದೂ ಬದಲಾಗಿದ್ದಿತು, ನನ್ನ ಕಿವಿಗೂ ಆಗ ತಿಳಿಯಿತು.

ನೀರು ಸಿಕ್ಕುವವರೆಗೆ ಈ ಯಂತ್ರವೂ ಒಣಗಿಯೇ ಕೊರೆಯುವುದು. ಬಾಯಿಯಿಂದ ಬಿಳಿಯ ಧೂಳು ಮಂಜಿನಂತೆ ಎದ್ದು, ನಮ್ಮ ತುಳಸಿಯ ಕಟ್ಟೆಯನ್ನೂ ಮಾವಿನ ಗಿಡವನ್ನೂ ಮುಚ್ಚಿದ್ದಿತು. ಕೊಳವೆಗಳನ್ನು ಜೋಡಿಸುತ್ತಿದ್ದ ಇಬ್ಬರು ಹುಡುಗರು ಮೂಗಿನ ಮೇಲೆ ತೆಳ್ಳನೆಯ ವಸ್ತ್ರವೊಂದನ್ನು ಕಟ್ಟಿಕೊಂಡು ಆ ಧೂಳಿನ ನಡುವೆಯೇ ನಿಂತಿದ್ದರು. ಅವರ ರೆಪ್ಪೆಗಳು ಮುದುಕರ ರೆಪ್ಪೆಗಳಂತೆ ನರೆತು ಕಾಣುತ್ತಿದ್ದುವು. ನೀರನ್ನು ಬೆರಸಿ ಕೊರೆಯಬಾರದೆ ಎಂದು ಕೇಳಿದೆನು. ಟ್ಯಾಂಕರಿನ ನೀರಿಗೆ ಬೇರೆ ಹಣ ಕೊಡಬೇಕಾಗುತ್ತದೆ, ಯಾರೂ ಕೊಡುವುದಿಲ್ಲ ಸಾರ್, ಎಂದನು. ಆಗ ರಾತ್ರಿ ಎರಡು ಗಂಟೆ. 640 ಅಡಿ ಆಗಿದ್ದಿತು. ಮನೆಯೊಳಕ್ಕೆ ಹೋಗಿ, ತಮ್ಮನನ್ನು ಎಬ್ಬಿಸಿ, ಟ್ಯಾಂಕರಿನವನಿಗೆ ಹೇಳಿಕಳುಹಿಸಿದೆನು. ಅದು ಬಂದುದು ನಾಲ್ಕೂವರೆಗೆ. ಅಷ್ಟರಲ್ಲಿ 870 ಅಡಿಯಲ್ಲಿ ಧೂಳು ಒದ್ದೆಯಾಗಿ, ಕುಳಿಯ ಬಾಯಿಯಿಂದ ಬೂದುಬಣ್ಣದ ಕೆಸರು ಬರತೊಡಗಿದ್ದಿತು.